ಪದ್ಮಿನಿಯ ಹಿಂದಿನ ಸೀಟಿಗೆ ಪ್ಲೀಟ್ಸ್ ಕವರ್ ಹೊಲಿಯುವುದು ಹೀಗೆ

ಪ್ಲೀಟ್ಸ್ ಅಂದರೆ ಸೀಟಿನ ಮೇಲೆ ಸಾಲಾಗಿ ಕಾಣುವ ಉಬ್ಬು ಪಟ್ಟಿಗಳು. ಪ್ರೀಮಿಯರ್ ಪದ್ಮಿನಿ ಕಾರಿನ ಹಳೇ ಸೀಟ್ ಕವರ್ ಎಷ್ಟೇ ಹರಿದಿರಲಿ, ಎಸೆಯಬೇಡಿ. ನಿಮ್ಮ ಪ್ಯಾಟರ್ನ್, ಅಂದರೆ ಕತ್ತರಿಸುವ ಮಾದರಿ, ಅದೇ. ಹೊಲಿಗೆ ಬಿಚ್ಚುವ ಮುಂಚೆ ಪ್ರತಿ ಪೀಸಿನ ಮೇಲೂ ನಂಬರ್ ಹಾಕಿ, ಎಡ-ಬಲ, ಮುಂದೆ-ಹಿಂದೆ ಬರೆಯಿರಿ. ಆದರೆ ಅಳತೆಗೆ ಅದೊಂದನ್ನೇ ನಂಬಬೇಡಿ. ವರ್ಷಾನುಗಟ್ಟಲೆ ಕೂತು ಕೂತು ರೆಕ್ಸಿನ್ ಜೋತುಬಿದ್ದಿರುತ್ತದೆ. ಸೀಟಿನ ಮೇಲೇ ಟೇಪ್ ಹಿಡಿದು ಇನ್ನೊಮ್ಮೆ ನೋಡಿ.

ಕವರ್ ತೆಗೆದಾಗ ಸ್ಪ್ರಿಂಗ್ ಕಾಣುತ್ತದೆ, ಅಲ್ವಾ? ತುಕ್ಕು ಉಜ್ಜಿ ಪೇಂಟ್ ಹೊಡೆಯಿರಿ. ಮೇಲೆ ಗೋಣಿ ತಟ್ಟು, ಅದರ ಮೇಲೆ ಫೋಮ್. ತಟ್ಟು ಬಿಟ್ಟರೆ ಸ್ಪ್ರಿಂಗ್ ಫೋಮನ್ನು ಕೊರೆದುಬಿಡುತ್ತದೆ.

ಈಗ ಲೆಕ್ಕ. ಕೆಲಸ ಕೆಡುವುದೂ ಗೆಲ್ಲುವುದೂ ಇಲ್ಲೇ. ನಮ್ಮ ಅಳತೆಯಲ್ಲಿ ಇಂಚಿಗೆ ಎಂಟು ನೂಲು. ಒಂದೂವರೆ ಇಂಚಿನ ಪ್ಲೀಟ್ ಬೇಕು ಅಂದರೆ ರೆಕ್ಸಿನ್ ಅಡಿಗೆ ಸೇರಿಸಿ ಹೊಲಿಯುವ ತೆಳು ಸ್ಪಂಜಿನ ಮೇಲೆ 12 ನೂಲಿಗೊಂದು ಗೆರೆ ಎಳೆಯಿರಿ. ರೆಕ್ಸಿನ್ ಹಿಂಬದಿಗೆ 12 ಸಾಲದು. ಮಡಿಕೆಗೆ 2 ನೂಲು ಹೋಗುತ್ತದೆ, ಉಬ್ಬಿಗೆ 1. ಒಟ್ಟು 15. ಮಧ್ಯದ ಪೀಸು 48 ಇಂಚು ಅಗಲ ಅಂದುಕೊಳ್ಳಿ. 32 ಪ್ಲೀಟ್ಸ್ ಆಯಿತು, ರೆಕ್ಸಿನ್ 60 ಇಂಚು ಬೇಕು, ಮಾರ್ಜಿನ್ ಬೇರೆ. ರೆಕ್ಸಿನ್ ರೋಲಿನ ಅಗಲ ಸಾಮಾನ್ಯವಾಗಿ 54 ಇಂಚು. ಹಾಗಾಗಿ ರೋಲಿನ ಉದ್ದವನ್ನು ಸೀಟಿಗೆ ಅಡ್ಡವಾಗಿ ಬರುವಂತೆ ಹಾಸಿಕೊಳ್ಳಿ. ಜೋಡಣೆ ತಪ್ಪಿಸಲು ಆಗದಿದ್ದರೆ ಅದನ್ನು ಮಡಿಕೆಯೊಳಗೆ ಅಡಗಿಸಿ. ಸ್ಪಂಜು ದಪ್ಪ ಇದ್ದರೆ ಉಬ್ಬಿಗೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ನಾಲ್ಕು ಪ್ಲೀಟ್ಸ್ ಮೊದಲು ರೆಕ್ಸಿನ್, ಸ್ಪಂಜಿನ ತುಂಡುಗಳಲ್ಲಿ ಹೊಲಿದು ಅಳೆದು ನೋಡಿ.

ಗೆರೆ ಎಳೆಯಲು ಪೆನ್ಸಿಲ್ ಸಾಕು. ಬಾಲ್‌ಪೆನ್ ಮಾತ್ರ ಬೇಡವೇ ಬೇಡ. ಅದರ ಇಂಕು ರೆಕ್ಸಿನ್ ಒಳಗಿಂದ ನಿಧಾನಕ್ಕೆ ಮೇಲೆ ಬರುತ್ತದೆ. ತಿಳಿ ಬಣ್ಣದ ಸೀಟಾದರೆ ಕಥೆ ಮುಗಿಯಿತು.

ಬಟ್ಟೆ ಅಂಟಿಸಿದ ಸ್ಪಂಜನ್ನೇ ತನ್ನಿ. ಬರೀ ಸ್ಪಂಜಿನಲ್ಲಿ ದಾರ ನಿಲ್ಲುವುದಿಲ್ಲ, ಹರಿದುಕೊಂಡು ಬರುತ್ತದೆ. ಹೊಲಿಗೆ ಮಧ್ಯದ ಗೆರೆಯಿಂದ ಶುರುವಾಗಲಿ. ಒರಗುವ ಸೀಟನ್ನೂ ಹಾಗೇ ಮಾಡಿದರೆ ಎರಡರ ಗೆರೆಗಳೂ ಒಂದಕ್ಕೊಂದು ಕೂಡುತ್ತವೆ. ರೆಕ್ಸಿನನ್ನು ಗೆರೆಯ ಮೇಲೆ ಒಳ್ಳೆ ಮುಖ ಒಳಗೆ ಬರುವಂತೆ ಮಡಿಸಿ. ಮಡಿಕೆ ಸ್ಪಂಜಿನ ಗೆರೆಯ ಮೇಲೆ ಕೂರಬೇಕು. ಮಡಿಕೆಯಿಂದ ಒಂದು ನೂಲು ಒಳಗೆ ಹೊಲಿಗೆ ಹಾಕಿ, ಆಮೇಲೆ ತಿರುವಿ. ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ. ಎರಡು ಮೂರು ಪ್ಲೀಟ್ಸಿಗೊಮ್ಮೆ ಸ್ಕೇಲ್ ಇಟ್ಟು ನೋಡುತ್ತಿರಿ. ಒಂದೊಂದರಲ್ಲೂ ಕೂದಲೆಳೆ ತಪ್ಪಿದರೂ ಕೊನೆಯದಕ್ಕೆ ಬರುವಾಗ ಸೀಟು ಸೊಟ್ಟಗೆ ಕಾಣುತ್ತದೆ.

ಮನೆಯ ಬಟ್ಟೆ ಹೊಲಿಯುವ ಮೆಷಿನ್ ಇದಕ್ಕೆ ಆಗುವುದಿಲ್ಲ. ಮೇಲಿನ ಫುಟ್ಟೂ ಸೇರಿ ಬಟ್ಟೆ ಎಳೆಯುವ ವಾಕಿಂಗ್ ಫುಟ್ ಮೆಷಿನ್ ಬೇಕು. 18ನೇ ನಂಬರ್ ಸೂಜಿ, ದಪ್ಪ ಪಾಲಿಯೆಸ್ಟರ್ ದಾರ. ಬಿಸಿಲಿಗೆ ನೈಲಾನ್‌ಗಿಂತ ಇದೇ ಹೆಚ್ಚು ತಾಳುತ್ತದೆ. ಟಾಕು 4 ಮಿ.ಮೀ. ಇರಲಿ. ಗಟ್ಟಿಯಾಗಲಿ ಅಂತ ಸಣ್ಣ ಸಣ್ಣ ಟಾಕು ಹಾಕಿದರೆ ರೆಕ್ಸಿನ್ ಅಂಚೆಚೀಟಿ ಹಾಳೆಯಂತೆ ಸಾಲಾಗಿ ಹರಿಯುತ್ತದೆ.

ಪ್ಲೀಟ್ಸ್ ಎಲ್ಲಾ ಮುಗಿದ ಮೇಲೇ ಪ್ಯಾಟರ್ನ್ ಇಟ್ಟು ಕತ್ತರಿಸಿ. ಮೊದಲೇ ಕತ್ತರಿಸಿದರೆ ಪೀಸು ಗಿಡ್ಡ ಬರುವುದು ಖಂಡಿತ. ಕತ್ತರಿಸಿದ ಕೂಡಲೇ ಸುತ್ತಲೂ ಒಂದು ಹೊಲಿಗೆ ಹೊಡೆದು ಪ್ಲೀಟ್ಸಿನ ತುದಿಗಳನ್ನು ಭದ್ರ ಮಾಡಿ. ಆಮೇಲೆ ಪೈಪಿಂಗ್ (ಅಂಚಿಗೆ ಕೂಡಿಸುವ ದುಂಡನೆ ಪಟ್ಟಿ), ಪಕ್ಕದ ಪಟ್ಟಿಗಳು. ಪೈಪಿಂಗಿಗೆ ಬೇರೆ ಬಣ್ಣ ಹಾಕಬಹುದು. ಪ್ಲೀಟ್ಸಿಗೂ ಎರಡು ಬಣ್ಣ ಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ಹಳೇ ಗಾಡಿಗೆ ಅದು ಒಪ್ಪುವುದಿಲ್ಲ ಅಂತ ನಾನು ಹೇಳಿಯೇ ಹೇಳುತ್ತೇನೆ.

ಹಾಕುವ ಮುಂಚೆ ಕವರನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಮಧ್ಯದ ಗೆರೆ ಹೊಂದಿಸಿ, ಅಲ್ಲಿಂದ ಎರಡೂ ಕಡೆಗೆ ಎಳೆಯುತ್ತಾ ಕವರನ್ನು ಸೀಟಿನ ಫ್ರೇಮಿಗೆ ಬಿಗಿಯುವ ತಂತಿ ರಿಂಗ್ ಹಾಕಿ. ಮೂಲೆಯಲ್ಲಿ ಸುಕ್ಕು ಉಳಿದರೆ ಹೇರ್ ಡ್ರೈಯರ್ ಹಿಡಿದು ಕೈಯಲ್ಲಿ ಸವರಿ. ಹೀಟ್ ಗನ್ ಹತ್ತಿರ ತಂದರೆ ರೆಕ್ಸಿನ್ ಮೇಲಿನ ಚರ್ಮದಂಥ ತರಿ ಹೋಗಿ ಅಲ್ಲಷ್ಟೇ ಮಿರಮಿರ ಹೊಳೆಯುತ್ತದೆ. ಆ ಪೀಸನ್ನು ಮತ್ತೆ ಹೊಸದಾಗಿ ಹೊಲಿಯದೆ ಬೇರೆ ದಾರಿಯಿಲ್ಲ.