ಇಂದು ನನ್ನ ಬೆಡ್‌ರೂಮು, ನಾಳೆ ಬೇರೆಯವರದ್ದು

ಈ ಮನೆಯನ್ನು ಕೆಲವು ವರ್ಷಗಳಲ್ಲಿ ಮಾರಬೇಕಾಗುತ್ತದೆ ಅಂತ ಕೊಳ್ಳುವಾಗಲೇ ಗೊತ್ತಿತ್ತು. ಹಾಗಂತ ಅಲ್ಲಿಯವರೆಗೆ ಯಾರಿಗೋ ತೆಗೆದಿಟ್ಟ ಕೋಣೆಯಲ್ಲಿ ಮಲಗಿದಂತೆ ಮಲಗಲು ಆಗುವುದಿಲ್ಲ ಅಲ್ವಾ? ಬೆಡ್‌ರೂಮಿನ ಕೆಲಸ ಶುರು ಮಾಡುವ ಮೊದಲು ಒಂದು ಹಾಳೆಯನ್ನು ಎರಡು ಭಾಗ ಮಾಡಿಕೊಂಡೆ. ಮನೆ ಬಿಡುವಾಗ ಲಾರಿಗೆ ಹತ್ತುವುದು ಒಂದು ಕಡೆ, ಗೋಡೆಯಲ್ಲೇ ಉಳಿಯುವುದು ಇನ್ನೊಂದು ಕಡೆ. ಮಂಚ, ಹಾಸಿಗೆ, ಪರದೆ, ಟೇಬಲ್ ಲ್ಯಾಂಪ್ ಪೂರ್ತಿ ನನ್ನಿಷ್ಟದಂತೆ. ವೈರಿಂಗ್, ಕಿಟಕಿ, ನೆಲ, ವಾರ್ಡ್‌ರೋಬ್ ಮಾತ್ರ ಯಾರು ಬಂದರೂ ಒಪ್ಪುವಂತೆ ಇರಬೇಕು.

ಕೋಣೆ 10 ಅಡಿ ಅಗಲ, 12 ಅಡಿ ಉದ್ದ. ಆರಡಿ ಅಗಲದ ಕಿಂಗ್ ಸೈಜ್ ಮಂಚದ ಆಸೆ ಇತ್ತು. ಕೊಳ್ಳುವ ಮೊದಲು ನೆಲದ ಮೇಲೆ ಟೇಪ್ ಅಂಟಿಸಿ ಮಂಚದ ಅಳತೆ ಗುರುತು ಹಾಕಿದೆ. ಎರಡು ದಿನ ಆ ಗೆರೆ ತುಳಿಯದೆ ಓಡಾಡಿದೆ. ಚೌಕಟ್ಟೂ ಸೇರಿದರೆ ಪಕ್ಕದಲ್ಲಿ ಎರಡಡಿ ಜಾಗ ಕೂಡ ಉಳಿಯುತ್ತಿರಲಿಲ್ಲ. ಬೆಡ್‌ಶೀಟ್ ಬದಲಿಸುವುದಕ್ಕೂ ಅಡ್ಡ ಅಡ್ಡ ನಿಲ್ಲಬೇಕಿತ್ತು. ಐದಡಿಯ ಕ್ವೀನ್ ಸೈಜ್‌ಗೆ ಇಳಿದೆ. ಎರಡೂ ಬದಿ ಸುಮಾರು ಎರಡೂವರೆ ಅಡಿ ಸಿಕ್ಕಿತು, ರಾತ್ರಿ ಎದ್ದರೆ ಯಾರ ಕಾಲನ್ನೂ ದಾಟಬೇಕಿಲ್ಲ. ಮಂಚವನ್ನು ಗೋಡೆಗೆ ಸೇರಿಸಿ ಕಟ್ಟಿಸೋಣ ಅಂದವರಿದ್ದರು. ನಾನು ಒಪ್ಪಲಿಲ್ಲ. ಮುಂದೆ ಬರುವವರು ತೊಟ್ಟಿಲು ಇಡಬೇಕೋ, ಓದುವ ಮೇಜು ಇಡಬೇಕೋ ನನಗೇನು ಗೊತ್ತು?

ಹೆಚ್ಚು ಚರ್ಚೆ ನಡೆದಿದ್ದು ಕಿಟಕಿಯ ಬಗ್ಗೆ. ಕೋಣೆಗೆ ಎರಡು ಕಿಟಕಿ. "ಸಣ್ಣದನ್ನು ಮುಚ್ಚಿಬಿಡಿ, ವಾರ್ಡ್‌ರೋಬ್‌ಗೆ ಇನ್ನೊಂದು ಬಾಗಿಲು ಬರುತ್ತೆ" ಎಂದರು ಬಡಗಿ. ಜಾಗ ಸಿಗುತ್ತಿತ್ತು, ನಿಜ. ಆದರೆ ಎದುರು ಬದುರು ಕಿಟಕಿ ಇದ್ದರೆ ಒಂದರಿಂದ ಬಂದ ಗಾಳಿ ಇನ್ನೊಂದರಿಂದ ಹೊರಗೆ ಹೋಗುತ್ತದೆ. ಒಂದನ್ನು ಮುಚ್ಚಿದರೆ ಗಾಳಿ ಅಲ್ಲಲ್ಲೇ ನಿಲ್ಲುತ್ತದೆ. ಬಟ್ಟೆಗೆ ಜಾಗ ಬೇಕೆಂದರೆ ಸಾಮಾನು ಕಡಿಮೆ ಮಾಡಬಹುದು, ಗಾಳಿಗೆ ಬೇರೆ ದಾರಿ ಇಲ್ಲ. ಪಕ್ಕದ ಸಣ್ಣ ಕೋಣೆಯ ಗೋಡೆ ಒಡೆದು ಒಂದೇ ದೊಡ್ಡ ಕೋಣೆ ಮಾಡುವ ಮಾತನ್ನೂ ಅಲ್ಲಿಗೇ ಬಿಟ್ಟೆವು. ಮನೆ ಹುಡುಕುವವರು ಮೊದಲು ಕೇಳುವುದೇ ಎಷ್ಟು ಬೆಡ್‌ರೂಮು ಅಂತ.

ಒಂದು ತಪ್ಪು ಮಾತ್ರ ನನ್ನಿಂದಲೇ ಆಯಿತು. ವಾರ್ಡ್‌ರೋಬನ್ನು ಹೊರಗೋಡೆಗೆ ಒತ್ತಿ ಮಾಡಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಉಣ್ಣೆ ಬಟ್ಟೆಗಳಿಂದ ವಾಸನೆ ಬರತೊಡಗಿತು. ಹಿಂಬದಿಯ ಪ್ಲೈವುಡ್ ಬಿಚ್ಚಿಸಿದರೆ ಬೂಷ್ಟು. ಹೊರಗಿನ ಪ್ಲಾಸ್ಟರ್‌ನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ನೀರು ಅಲ್ಲಿಂದ ಒಳಗೆ ಇಳಿಯುತ್ತಿತ್ತು. ಜೊತೆಗೆ ಹೊರಗೋಡೆ ತಣ್ಣಗಿರುತ್ತದೆ. ಗಾಳಿ ಆಡದ ಕಡೆ ತೇವ ಅಲ್ಲೇ ಕೂರುತ್ತದೆ. ಒಳಗಿನಿಂದ ಬಣ್ಣ ಬಳಿದು ಮುಚ್ಚಿದರೆ ಅದು ಕೆಲವೇ ತಿಂಗಳಲ್ಲಿ ಉಬ್ಬಿ ಎದ್ದು ಬರುತ್ತದೆ. ಹಾಗಾಗಿ ಮೊದಲು ಹೊರಗಿನ ಬಿರುಕು ಮುಚ್ಚಿಸಿದೆ. ಗೋಡೆ ಪೂರ್ತಿ ಒಣಗುವವರೆಗೆ ಕಾದೆ. ಬಟ್ಟೆಯೆಲ್ಲ ಹಾಲ್‌ನಲ್ಲಿ, ಮನೆಯವರಿಗೆಲ್ಲ ಕಿರಿಕಿರಿ, ಆದರೂ ಅವಸರ ಮಾಡಲಿಲ್ಲ. ಆಮೇಲೆ ವಾರ್ಡ್‌ರೋಬನ್ನು ಒಳಗೋಡೆಗೆ ತಂದೆ, ಹಿಂದೆ ಎರಡು ಇಂಚು ಸಂದು ಬಿಟ್ಟೆ. ಆಳ ಎರಡಡಿ. ಅದಕ್ಕಿಂತ ಕಡಿಮೆಯಾದರೆ ಹ್ಯಾಂಗರ್‌ಗೆ ಹಾಕಿದ ಶರ್ಟಿನ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ.

ವೈರಿಂಗ್ ವಿಷಯದಲ್ಲಿ ನಾನು ಜಿಪುಣತನ ಮಾಡಲಿಲ್ಲ. ಪುಟ್ಟಿ ಹಚ್ಚಿದ ಮೇಲೆ ಗೋಡೆ ಕೊರೆಯುವುದು ಅಂದರೆ ಎಲ್ಲ ಕೆಲಸವೂ ಎರಡು ಸಲ. ಬಾಗಿಲ ಹತ್ತಿರ ಒಂದು, ದಿಂಬಿನ ಹತ್ತಿರ ಒಂದು, ಹೀಗೆ ಒಂದೇ ದೀಪಕ್ಕೆ ಟೂ-ವೇ ಸ್ವಿಚ್. ಮಂಚದ ಎರಡೂ ಬದಿ ಸಾಕೆಟ್. ಎಸಿಯನ್ನು ತಲೆಯ ಮೇಲೆ ನೇರವಾಗಿ ಗಾಳಿ ಬೀಳದ ಗೋಡೆಗೆ ಹಾಕಿಸಿದೆ, ಅದರ ನೀರಿನ ಪೈಪ್ ಹೊರಗೆ ಇಳಿಜಾರಾಗಿ ಹೋಗುವಂತೆ ನೋಡಿಕೊಂಡೆ. ಪೈಪ್‌ಗಳೆಲ್ಲ ಕೂತ ಮೇಲೆ, ಗೋಡೆ ಮುಚ್ಚುವ ಮುಂಚೆ, ಅಳತೆ ಪಟ್ಟಿ ಹಿಡಿದು ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟೆ. ಮುಂದೆ ಮೊಳೆ ಹೊಡೆಯುವಾಗ ವೈರಿಗೆ ತಾಗಬಾರದಲ್ಲ.

ಬೆಳಕಿಗೆ 2700 ಕೆಲ್ವಿನ್ ಬಲ್ಬ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ. ಆ ಹಳದಿ ಬೆಳಕಿನಲ್ಲಿ ಕಣ್ಣು ತಾನಾಗಿ ಭಾರವಾಗುತ್ತದೆ. ವಾರ್ಡ್‌ರೋಬ್ ಮುಂದೆ ಮಾತ್ರ 4000 ಕೆಲ್ವಿನ್‌ನ ಬಿಳಿ ಬೆಳಕು, ಇಲ್ಲದಿದ್ದರೆ ಕಪ್ಪು ಯಾವುದು, ನೇವಿ ಬ್ಲೂ ಯಾವುದು ಗೊತ್ತಾಗುವುದಿಲ್ಲ. ಗೋಡೆಗೆ ತಿಳಿ ಬಣ್ಣ. ನನ್ನ ಪ್ರೀತಿಯ ಕಡು ಹಸಿರನ್ನು ಪರದೆಗೆ ತಂದೆ. ಪರದೆಯ ರಾಡ್ ಕಿಟಕಿಗಿಂತ ಎರಡೂ ಬದಿ ಅರ್ಧ ಅಡಿ ಹೆಚ್ಚಿದೆ, ಪರದೆ ಸರಿಸಿದರೆ ಗಾಜು ಪೂರ್ತಿ ಕಾಣುತ್ತದೆ. ಫಾಲ್ಸ್ ಸೀಲಿಂಗ್ ಬೇಡವೆಂದೆ. ಸೂರು ಸುಮ್ನೆ ತಗ್ಗುತ್ತದೆ.

ಆರು ವರ್ಷ ಆ ಕೋಣೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ. ಮಾರಾಟಕ್ಕಿಟ್ಟಾಗ ನೋಡಲು ಬಂದ ದಂಪತಿ ಬಣ್ಣದ ಬಗ್ಗೆ ಏನೂ ಕೇಳಲಿಲ್ಲ. ಆಕೆ ಎರಡೂ ಕಿಟಕಿ ತೆರೆದು ನಿಂತರು. ಆತ ವಾರ್ಡ್‌ರೋಬ್ ಒಳಗೆ ತಲೆ ಹಾಕಿ ವಾಸನೆ ನೋಡಿದರು, "ಥಂಡಿ ಹಿಡಿಯುತ್ತಾ?" ಎಂದು ಕೇಳಿದರು. ಹಿಂದೆ ಹಿಡಿದಿತ್ತು, ಹೀಗೆ ಸರಿ ಮಾಡಿಸಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹೊರಗೆ ಕರೆದುಕೊಂಡು ಹೋಗಿ ಬಿರುಕು ಮುಚ್ಚಿದ ಜಾಗ ತೋರಿಸಿದೆ. ಮನೆಯನ್ನು ಅವರೇ ಕೊಂಡರು. ಗೋಡೆಯ ಆ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಕೀಲಿ ಗೊಂಚಲಿನ ಜೊತೆ ಅವರ ಕೈಗೆ ಕೊಟ್ಟೆ.