ಬಾಲ್ ಸ್ಕ್ರೂ ಬ್ಯಾಕ್‌ಲ್ಯಾಶ್: ನಟ್ ಬಿಚ್ಚುವ ಮೊದಲು ಬೇರಿಂಗ್ ನೋಡಿ

ಮನೆಯಲ್ಲೇ ಕಟ್ಟಿದ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಮೆಷಿನ್) ಅಲ್ಯೂಮಿನಿಯಂ ಮೇಲೆ 50 ಮಿ.ಮೀ. ವೃತ್ತ ಕೊರೆದು, ಅಂಚಿನ ಉದ್ದಕ್ಕೂ ಉಗುರು ಎಳೆಯಿರಿ. ಗಡಿಯಾರದ 12, 3, 6, 9 ಇರುವ ಜಾಗಗಳಲ್ಲಿ ಉಗುರಿಗೆ ಸಣ್ಣ ಮೆಟ್ಟಿಲು ಸಿಕ್ಕರೆ ಬ್ಯಾಕ್‌ಲ್ಯಾಶ್ ಇದೆ ಎಂದೇ ಅರ್ಥ. ಎಕ್ಸ್ ಅಥವಾ ವೈ ದಿಕ್ಕು ಬದಲಿಸುವುದು ಅಲ್ಲೇ. ಮೋಟರ್ ಬಾಲ್ ಸ್ಕ್ರೂವನ್ನು ತಿರುಗಿಸುತ್ತದೆ, ಒಳಗೆ ಉಕ್ಕಿನ ಗುಂಡುಗಳಿರುವ ನಟ್ ಅದರ ಮೇಲೆ ಸರಿದು ಟೇಬಲ್ ಅನ್ನು ಒಯ್ಯುತ್ತದೆ. ದಿಕ್ಕು ಬದಲಾದಾಗ ಮೋಟರ್ ತಿರುಗುತ್ತದೆ, ಟೇಬಲ್ ಮಾತ್ರ ಕ್ಷಣಕಾಲ ಕದಲುವುದಿಲ್ಲ. ಆ ಸಡಿಲಕ್ಕೇ ಬ್ಯಾಕ್‌ಲ್ಯಾಶ್ ಅಥವಾ ಪ್ಲೇ ಎನ್ನುವುದು.

ಇದು ಕಂಡ ಕೂಡಲೇ ಸಡಿಲ ತೆಗೆಯುವ ಡಬಲ್ ನಟ್ ಕೊಳ್ಳಲು ಹೊರಡಬೇಡಿ. 16 ಮಿ.ಮೀ. ದಪ್ಪ, 5 ಮಿ.ಮೀ. ಲೀಡ್‌ನ (ಒಂದು ಸುತ್ತಿಗೆ ನಟ್ ಸರಿಯುವ ದೂರ) 1605 ಸ್ಕ್ರೂ ಹಾಕಿದ ಮೆಷಿನ್‌ಗಳಲ್ಲಿ ಪ್ಲೇ ಎಷ್ಟೋ ಸಲ ನಟ್‌ನಲ್ಲಿ ಇರುವುದೇ ಇಲ್ಲ, ಸ್ಕ್ರೂವಿನ ತುದಿ ಹಿಡಿದಿರುವ ಬೇರಿಂಗ್ ಬ್ಲಾಕ್‌ನಲ್ಲಿರುತ್ತದೆ.

ಮೊದಲು ಅಳತೆ. 0.01 ಮಿ.ಮೀ.ನ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಬೇಸ್ ಬೇಕು. ಬೆಡ್ ಅಲ್ಯೂಮಿನಿಯಂ ಆದರೆ ಬೇಸ್ ಅಂಟಿಕೊಳ್ಳುವುದಿಲ್ಲ, ಅದಕ್ಕೊಂದು ಉಕ್ಕಿನ ಪಟ್ಟಿ ಬೋಲ್ಟ್ ಮಾಡಿ. ಗೇಜ್‌ನ ಕಡ್ಡಿ ಆಕ್ಸಿಸ್‌ಗೆ ಸಮಾಂತರವಾಗಿ ಟೇಬಲ್‌ಗೆ ತಾಗಲಿ. ಪ್ಲಸ್ ದಿಕ್ಕಿಗೆ 1 ಮಿ.ಮೀ. ಓಡಿಸಿ ಸಡಿಲ ತೆಗೆದು ಡಯಲ್ ಸೊನ್ನೆ ಮಾಡಿ. ಮತ್ತೆ ಪ್ಲಸ್ 0.1 ಓಡಿಸಿದರೆ ಮುಳ್ಳು 0.1 ತೋರಿಸಬೇಕು. ಈಗ ಮೈನಸ್ 0.1 ಕೊಡಿ. ಮುಳ್ಳು ಸೊನ್ನೆಗೆ ಬರಲು ಎಷ್ಟು ಉಳಿಯಿತೋ ಅಷ್ಟು ಪ್ಲೇ. ಎರಡು ತುದಿಯಲ್ಲೂ ನಡುವೆಯೂ ಐದೈದು ಸಲ ನೋಡಿ ಬರೆದಿಡಿ.

ಇನ್ನು ಅದು ಎಲ್ಲೆಲ್ಲಿ ಹಂಚಿಹೋಗಿದೆ ಎಂದು ಹುಡುಕಬೇಕು. ಸ್ಕ್ರೂ ತುದಿಯ ಸೆಂಟರ್ ತೂತಿಗೆ ಗ್ರೀಸ್ ಹಚ್ಚಿ ಒಂದು ಸಣ್ಣ ಉಕ್ಕಿನ ಗುಂಡು ಕೂರಿಸಿ, ಚಪ್ಪಟೆ ಮೂತಿಯ ಗೇಜ್ ಅದಕ್ಕೆ ತಾಗಿಸಿ. ಮೋಟರ್‌ಗೆ ಕರೆಂಟ್ ಇರುವಾಗಲೇ ಟೇಬಲ್ ಅನ್ನು ಕೈಯಿಂದ ಹಿಂದೆ ಮುಂದೆ ತಳ್ಳಿ. ಮುಳ್ಳು ಆಡಿದರೆ ತಪ್ಪು ಬೇರಿಂಗ್‌ನದು. ಆಡದಿದ್ದರೆ ಬೇಸ್ ಅನ್ನು ಟೇಬಲ್ ಮೇಲಿಟ್ಟು ಗೇಜ್ ಅನ್ನು ನಟ್‌ನ ಫ್ಲ್ಯಾಂಜ್‌ಗೆ (ಬೋಲ್ಟ್ ಹಾಕುವ ಅಗಲ ಅಂಚು) ತಾಗಿಸಿ. ಇಲ್ಲಿ ಆಡಿದರೆ ನಟ್ ಅನ್ನು ಟೇಬಲ್‌ಗೆ ಹಿಡಿದಿರುವ ಬ್ರಾಕೆಟ್ ಬಾಗುತ್ತಿದೆ ಅಥವಾ ಬೋಲ್ಟ್ ಸಡಿಲವಿದೆ. ಮೋಟರ್ ಮತ್ತು ಸ್ಕ್ರೂ ಜೋಡಿಸುವ ಕಪ್ಲಿಂಗ್‌ನ ಎರಡೂ ಭಾಗಗಳ ಮೇಲೆ ಮಾರ್ಕರ್‌ನಿಂದ ಒಂದೇ ಗೆರೆ ಎಳೆದು ಸ್ಕ್ರೂವನ್ನು ಕೈಯಲ್ಲಿ ತಿರುಚಿ ನೋಡುವುದನ್ನೂ ಮರೆಯಬೇಡಿ. ಗೆರೆ 1 ಡಿಗ್ರಿ ಸರಿದರೆ ಟೇಬಲ್‌ನಲ್ಲಿ 0.014 ಮಿ.ಮೀ. ವ್ಯತ್ಯಾಸ. ಇಷ್ಟೆಲ್ಲ ಸರಿಯಿದ್ದೂ ಉಳಿಯುವ ಪ್ಲೇ ಮಾತ್ರ ನಟ್‌ನದು.

ತಪ್ಪು ಬೇರಿಂಗ್‌ನದಾದರೆ, ಮೋಟರ್ ಕಡೆಯ ಬಿಕೆ12 ಬೇರಿಂಗ್ ಬ್ಲಾಕ್ ಬಿಚ್ಚಿದಾಗ ಬೇರಿಂಗ್ ಮೇಲಿನ ನಂಬರ್ ಓದಿ. ಅಗ್ಗದ ಬ್ಲಾಕ್‌ಗಳಲ್ಲಿ 6001 ಕೂತಿರುವುದುಂಟು. ಅದು ಡೀಪ್ ಗ್ರೂವ್ ಬೇರಿಂಗ್, ಒಳಗೇ ಸಡಿಲವಿಟ್ಟು ಮಾಡಿದ್ದು. ಉದ್ದುದ್ದಕ್ಕೆ ಆಡುವುದು ಅದರ ಗುಣ. ಅಲ್ಲಿ ಬೇಕಾದದ್ದು ಆ್ಯಂಗುಲರ್ ಕಾಂಟ್ಯಾಕ್ಟ್ 7001, ಎರಡು, ಒಂದಕ್ಕೊಂದು ಎದುರುಬದುರಾಗಿ. 6001, 7001 ಎರಡರ ಅಳತೆಯೂ 12×28×8 ಮಿ.ಮೀ., ಹಾಗಾಗಿ ನೇರವಾಗಿ ಬದಲಾಯಿಸಬಹುದು. ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಿವೆ. ಜೋಡಿಯಾಗಿಯೇ ಕೇಳಿ.

ಬೇರಿಂಗ್ ಸರಿಯಿದ್ದೂ ಆಡುತ್ತಿದ್ದರೆ ಮುಂದಿನ ಮುಚ್ಚಳ ನೋಡಿ. ಅದು ಬೇರಿಂಗ್‌ನ ಹೊರ ರಿಂಗ್ ಒತ್ತಬೇಕು. ಮುಚ್ಚಳದ ಸ್ಕ್ರೂಗಳನ್ನು ಬೆರಳಲ್ಲಿ ಬಿಗಿದಾಗ ಮುಚ್ಚಳಕ್ಕೂ ಬ್ಲಾಕ್‌ಗೂ ನಡುವೆ 0.05ರಿಂದ 0.1 ಮಿ.ಮೀ. ಸಂದು ಉಳಿಯಬೇಕು. ಸಂದೇ ಇಲ್ಲವೆಂದರೆ ಮುಚ್ಚಳ ಬ್ಲಾಕ್‌ಗೆ ಕೂತಿದೆ, ಬೇರಿಂಗ್ ಒಳಗೆ ತೇಲುತ್ತಿದೆ. 0.1ರ ಹಿತ್ತಾಳೆ ಶಿಮ್ (ತೆಳು ತಗಡು) ಅನ್ನು ಉಂಗುರವಾಗಿ ಕತ್ತರಿಸಿ ಹೊರ ರಿಂಗ್ ಹಿಂದೆ ಇಡಿ. ಬಳಿಕ ಲಾಕ್ ನಟ್ ಅನ್ನು ಪ್ಲೇ ಮಾಯವಾಗುವವರೆಗೆ ಬಿಗಿದು, ಇನ್ನೊಂದು ಚೂರು ತಿರುಗಿಸಿ ನಿಲ್ಲಿಸಿ. ಸ್ಕ್ರೂ ಕೈಯಲ್ಲಿ ಒಂದೇ ಸಮನೆ ಭಾರವಾಗಿ ತಿರುಗಬೇಕು. ಕಟಕಟ ಎಂದರೆ ಬಿಗಿ ಹೆಚ್ಚಾಯಿತು. ಇನ್ನೊಂದು ತುದಿಯ ಬಿಎಫ್12 ಬೇರಿಂಗ್ ಬ್ಲಾಕ್ ಅನ್ನು ಮಾತ್ರ ಉದ್ದಕ್ಕೆ ಬಿಗಿಯಬೇಡಿ. 1 ಮೀಟರ್ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.11 ಮಿ.ಮೀ. ಬೆಳೆಯುತ್ತದೆ, ಆ ಬೆಳವಣಿಗೆಗೆ ದಾರಿ ಬೇಕು.

ನಟ್‌ನಲ್ಲೇ ಪ್ಲೇ ಇದ್ದರೆ ಕಡಿಮೆ ಖರ್ಚಿನ ದಾರಿ ದಪ್ಪ ಗುಂಡು. 1605ರಲ್ಲಿ 3.175 ಮಿ.ಮೀ. ಗುಂಡುಗಳಿರುತ್ತವೆ. ಹೊಸ ಗುಂಡು ಎಷ್ಟು ದಪ್ಪವಿರಬೇಕು? ಗುಂಡು ಕಾಲುವೆಯ ಗೋಡೆಯನ್ನು ಸುಮಾರು 45 ಡಿಗ್ರಿಯಲ್ಲಿ ಮುಟ್ಟುವುದರಿಂದ, ನಟ್‌ನ ಪ್ಲೇಯನ್ನು 2.8ರಿಂದ ಭಾಗಿಸಿದರೆ ಬೇಕಾದ ಹೆಚ್ಚಳ ಸಿಗುತ್ತದೆ. 0.05 ಪ್ಲೇಗೆ ಸುಮಾರು 0.018. ಅಂದರೆ 3.19ರ ಗುಂಡು ಸಾಕು, 3.20 ಹಾಕಿದರೆ ಹಿಡಿಯುತ್ತದೆ.

ನಟ್ ಅನ್ನು ಸ್ಕ್ರೂವಿನಿಂದ ನೇರ ಹೊರಗೆಳೆದರೆ ಗುಂಡುಗಳೆಲ್ಲ ನೆಲದ ಮೇಲೆ. ಸ್ಕ್ರೂವಿನ ತಳದ ವ್ಯಾಸಕ್ಕಿಂತ ಕೂದಲೆಳೆಯಷ್ಟು ಸಣ್ಣ ಕೊಳವೆಯನ್ನು ತುದಿಗೆ ಒತ್ತಿಹಿಡಿದು ನಟ್ ಅನ್ನು ಅದರ ಮೇಲೆ ಸರಿಸಿ. ಟ್ರೇ ಮೇಲೆ ಬಿಚ್ಚಿ, ಪ್ರತಿ ಸುತ್ತಿನ ಗುಂಡುಗಳನ್ನು ಬೇರೆ ಬಟ್ಟಲಲ್ಲಿ ಎಣಿಸಿ, ಅಷ್ಟೇ ಸಂಖ್ಯೆ ವಾಪಸ್ ಹಾಕಿ. ಒಂದು ಗುಂಡಿನ ಜಾಗ ಖಾಲಿ ಕಂಡರೆ ತುಂಬಲು ಹೋಗಬೇಡಿ. ಗ್ರೀಸ್ ಹಚ್ಚಿದರೆ ಗುಂಡು ಜಾಗದಲ್ಲೇ ನಿಲ್ಲುತ್ತದೆ. ಸ್ಕ್ರೂ ನೆಟ್ಟಗೆ ಹಿಡಿದಾಗ ಹಳೆಯ ನಟ್ ತನ್ನ ಭಾರಕ್ಕೇ ಗಿರಗಿರ ಇಳಿಯುತ್ತಿತ್ತಲ್ಲ, ಈಗ ಇಳಿಯಬಾರದು, ಆದರೆ ಎರಡು ಬೆರಳಿಗೆ ತಿರುಗಬೇಕು. ನಡುಭಾಗ ಸವೆದ ಹಳೆಯ ಸ್ಕ್ರೂ ಆದರೆ ತುದಿಯಲ್ಲಿ ಪರೀಕ್ಷಿಸಿ. ನಡುವಿಗೆ ಸರಿಹೋದ ಗುಂಡು ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಅಲ್ಯೂಮಿನಿಯಂ ಕೆಲಸವೇ ಹೆಚ್ಚು ಎನ್ನುವವರಿಗೆ ಎರಡು ನಟ್, ನಡುವೆ ಡಿಸ್ಕ್ ಸ್ಪ್ರಿಂಗ್ (ಬಟ್ಟಲಿನಂತೆ ಉಬ್ಬಿದ ವಾಷರ್) ಒಳ್ಳೆಯದು. ಕಟಿಂಗ್ ಬಲಕ್ಕಿಂತ ಸ್ಪ್ರಿಂಗ್ ಬಲ ಹೆಚ್ಚಿರಬೇಕು, ಇಲ್ಲದಿದ್ದರೆ ಕಟ್ಟರ್ ಎಳೆದಾಗ ಸ್ಪ್ರಿಂಗ್ ಕುಗ್ಗಿ ಪ್ಲೇ ಮರಳುತ್ತದೆ. 6 ಮಿ.ಮೀ. ಕಟ್ಟರ್‌ನ ಹಗುರ ಕೆಲಸಕ್ಕೆ 250ರಿಂದ 300 ನ್ಯೂಟನ್ ಇಡಿ. ಇದರಿಂದ ಮೋಟರ್ ಮೇಲೆ ಬೀಳುವ ಹೊರೆ ಸುಮಾರು 0.04 ನ್ಯೂಟನ್ ಮೀಟರ್ ಮಾತ್ರ. ಎರಡನೇ ನಟ್ ಉದ್ದಕ್ಕೆ ಸರಿಯಬೇಕು, ಸುತ್ತ ತಿರುಗಬಾರದು. ಅದನ್ನು ತಡೆಯುವ ಪಿನ್ ಸಡಿಲವಾದರೆ ಮಾಡಿದ್ದೆಲ್ಲ ವ್ಯರ್ಥ.

ಉಳಿದ 0.01, 0.02ಕ್ಕೆ ಸಾಫ್ಟ್‌ವೇರ್ ಕಾಂಪೆನ್ಸೇಶನ್ (ದಿಕ್ಕು ಬದಲಾದಾಗ ಪ್ರೋಗ್ರಾಂ ಅಷ್ಟು ಹೆಚ್ಚು ಓಡಿಸುವುದು) ಹಾಕಬಹುದು. ಮೆಷಿನ್ ನಡೆಸುವ ಪ್ರೋಗ್ರಾಂಗಳಲ್ಲಿ ಮ್ಯಾಕ್3, ಲಿನಕ್ಸ್‌ಸಿಎನ್‌ಸಿಗಳಲ್ಲಿ ಆ ಸೌಲಭ್ಯವಿದೆ, ಜಿಆರ್‌ಬಿಎಲ್ 1.1ರಲ್ಲಿ ಇಲ್ಲ. 0.1 ಪ್ಲೇಯನ್ನು ಅದರಿಂದ ಮುಚ್ಚಲು ಹೋಗಬೇಡಿ. ಕಟ್ಟರ್‌ನ ಹಲ್ಲು ಮತ್ತು ಟೇಬಲ್ ಒಂದೇ ದಿಕ್ಕಿಗೆ ಸಾಗುವ ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಕಟ್ಟರ್ ತಾನೇ ಟೇಬಲ್ ಅನ್ನು ಎಳೆದುಕೊಳ್ಳುತ್ತದೆ, ಪ್ರೋಗ್ರಾಂಗೆ ಅದು ಗೊತ್ತೇ ಆಗುವುದಿಲ್ಲ. ಸಿ7 ನಿಖರತೆ ದರ್ಜೆಯ ಸ್ಕ್ರೂವಿನಲ್ಲಿ 300 ಮಿ.ಮೀ.ಗೆ 0.05ರಷ್ಟು ಲೀಡ್ ವ್ಯತ್ಯಾಸ ಸಹಜ. ಅದು ಬ್ಯಾಕ್‌ಲ್ಯಾಶ್ ಅಲ್ಲ. ಒಂದೇ ದಿಕ್ಕಿಗೆ ಓಡಿಸಿ ಅಳೆದು, ಮಿ.ಮೀ.ಗೆ ಎಷ್ಟು ಸ್ಟೆಪ್ ಎಂಬ ಸಂಖ್ಯೆಯನ್ನು ತಿದ್ದಿಕೊಳ್ಳಿ.