ಒಂದೂವರೆ ಲಕ್ಷ ಮೈಲಿ ಓಡಿರೋ ಎಸ್‌ಯುವಿ ನೋಡಕ್ಕೆ ಹೋಗ್ತಿದೀರಾ? ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ

ಚಳಿಗಾಲ ಹತ್ರ ಬಂತು ಅಂದ್ರೆ ನಮ್ಮ ಮಿಷಿಗನ್‌ನ ಡೆಟ್ರಾಯ್ಟ್ ಕಡೆ ಹೊಸದಾಗಿ ಬಂದಿರೋರಿಂದ ನಂಗೆ ಫೋನ್ ಶುರು. ಅಣ್ಣ, ಒಂದು ಟೊಯೋಟಾ ಹೈಲ್ಯಾಂಡರ್ ನೋಡಿದೀನಿ, 1,48,000 ಮೈಲಿ ಆಗಿದೆ, ತಗೋಬಹುದಾ? ಅವರ ಕಷ್ಟ ಗೊತ್ತಾಗತ್ತೆ, ಕ್ರೆಡಿಟ್ ಹಿಸ್ಟರಿ ಇರಲ್ಲ, ಲೋನ್ ಸಿಕ್ಕರೂ ಬಡ್ಡಿ ನೋಡಿದ್ರೆ ತಲೆ ತಿರುಗತ್ತೆ, ಬೇಸಿಗೆಗೆ ಅಪ್ಪ ಅಮ್ಮ ಬರ್ತಾರೆ ಅಂತ ಮೂರು ಸಾಲು ಸೀಟ್ ಬೇಕು, ಸ್ನೋಗೆ ಆಲ್ ವೀಲ್ ಡ್ರೈವ್ ಬೇಕು, ಕೈಲಿರೋದು ಎಂಟೋ ಒಂಬತ್ತೋ ಸಾವಿರ ಡಾಲರ್. ಅಷ್ಟು ದುಡ್ಡಿಗೆ ಇಂಥ ಗಾಡಿನೇ ಸಿಗೋದು, ಅದರಲ್ಲೇನೂ ತಪ್ಪಿಲ್ಲ.

ಒಂದೂವರೆ ಲಕ್ಷ ಮೈಲಿ ಅಂದ್ರೆ ಸುಮಾರು 2.4 ಲಕ್ಷ ಕಿಲೋಮೀಟರ್. ಊರಲ್ಲಾದ್ರೆ ಅಯ್ಯೋ ಅದು ಏರ್‌ಪೋರ್ಟ್ ಟ್ಯಾಕ್ಸಿ ಬಿಡಪ್ಪ ಅಂತೀವಿ. ಇಲ್ಲಿ ಜನ ವರ್ಷಕ್ಕೆ 12ರಿಂದ 15 ಸಾವಿರ ಮೈಲಿ ಆರಾಮಾಗಿ ಓಡಿಸ್ತಾರೆ, ಅದರಲ್ಲಿ ಬಹಳಷ್ಟು ಹೈವೇ, ಸಿಲ್ಕ್ ಬೋರ್ಡ್ ಸಿಗ್ನಲ್ ಥರ ಕ್ಲಚ್ ಸವೆಸೋ ಓಡಾಟ ಅಲ್ಲ. ಅದಕ್ಕೇ ಹೇಳೋದು, ಮಿಷಿಗನ್‌ನಲ್ಲಿ ಮೈಲಿಗೆ ಹೆದರಬೇಡಿ, ತುಕ್ಕಿಗೆ ಹೆದರಿ.

ಯಾಕೆ ಅಂದ್ರೆ ನವೆಂಬರ್‌ನಿಂದ ಮಾರ್ಚ್‌ವರೆಗೂ ರೋಡಿಗೆ ಉಪ್ಪು ಸುರೀತಾನೇ ಇರ್ತಾರೆ, ಆ ಉಪ್ಪು ನೀರು ಗಾಡಿ ಕೆಳಗೆಲ್ಲಾ ಹೊಕ್ಕೊಂಡು ಹತ್ತು ವರ್ಷದಲ್ಲಿ ಕಬ್ಬಿಣನ ತಿಂದು ಹಾಕತ್ತೆ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅಕ್ಷರಶಃ ಅದೇ. ನಾನು ಬಂದ ಮೊದಲನೇ ಚಳಿಗಾಲದಲ್ಲಿ ತಗೊಂಡ ಗಾಡಿ ಪೇಂಟ್ ನೋಡಿದ್ರೆ ಮುಖ ಕಾಣ್ತಿತ್ತು, ನೆಲದ ಮೇಲೆ ಅರ್ಧ ಅಡಿ ಸ್ನೋ ಇದ್ದಿದ್ರಿಂದ ಬಗ್ಗಿ ನೋಡಕ್ಕೆ ಸೋಮಾರಿತನ ಮಾಡಿದೆ. ಏಪ್ರಿಲ್‌ನಲ್ಲಿ ಬ್ರೇಕ್ ಪೆಡಲ್ ಒತ್ತಿದ್ರೆ ಸೀದಾ ತಳಕ್ಕೆ ಹೋಯ್ತು, ಪುಣ್ಯಕ್ಕೆ ಮನೆ ಮುಂದೇನೇ. ಬ್ರೇಕ್ ಲೈನ್, ಅಂದ್ರೆ ಬ್ರೇಕ್ ಆಯಿಲ್ ಹೋಗೋ ಪೈಪ್, ತುಕ್ಕು ಹಿಡಿದು ತೂತು. ಲಿಫ್ಟ್ ಮೇಲೆ ಏರಿಸಿದ್ರೆ ಸಸ್ಪೆನ್ಷನ್ ಹೊರೋ ಹಿಂದಿನ ಕಬ್ಬಿಣದ ಚೌಕಟ್ಟು (ಸಬ್‌ಫ್ರೇಮ್) ಕೂಡ ಹೋಗಿತ್ತು, ರಿಪೇರಿ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ.

ಅದಕ್ಕೆ ಹೋಗುವಾಗ ಒಂದು ಹಳೇ ಬೆಡ್‌ಶೀಟ್, ಟಾರ್ಚ್, ಒಂದು ಸ್ಕ್ರೂಡ್ರೈವರ್ ಇಟ್ಕೊಂಡು ಹೋಗಿ. ಸಮ ನೆಲದ ಮೇಲೆ ನಿಲ್ಲಿಸಿರ್ಲಿ, ಜಾಕ್ ಮೇಲಿದ್ರೆ ಕೆಳಗೆ ತೂರಬೇಡಿ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಹಿಂಭಾಗ, ಸಸ್ಪೆನ್ಷನ್ ಬೋಲ್ಟ್ ಕೂರೋ ಜಾಗ, ಬ್ರೇಕ್ ಲೈನು ಎಲ್ಲಾ ನೋಡಿ. ಮೇಲ್ಮೇಲೆ ಕಂದು ಬಣ್ಣದ ಪುಡಿ ಇದ್ರೆ ಇಲ್ಲಿ ಮಾಮೂಲಿ, ಆದ್ರೆ ಚಿರೋಟಿ ಥರ ಪದರ ಪದರವಾಗಿ ಎದ್ದಿದ್ರೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಟಣ್ ಅನ್ನೋ ಬದಲು ಬದ್ ಅಂದ್ರೆ, ಥ್ಯಾಂಕ್ಸ್ ಹೇಳಿ ಬಂದ್ಬಿಡಿ. ಹತ್ತು ವರ್ಷದ ಗಾಡಿಗೆ ಕೆಳಗಡೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ರೆ ಇನ್ನೂ ಅನುಮಾನ ಪಡಿ. ಟೆಕ್ಸಸ್‌ನಿಂದ ಬಂದಿದೆ ತುಕ್ಕಿಲ್ಲ ಅಂತಾರೆ, ನಿಜ ಇರಬಹುದು, ಆದ್ರೆ 2017ರ ಹಾರ್ವೆ ಚಂಡಮಾರುತದಲ್ಲಿ ಲಕ್ಷಗಟ್ಟಲೆ ಗಾಡಿ ನೀರಲ್ಲಿ ಮುಳುಗಿದ್ವು, ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಸರಿನ ಗೆರೆ ಇದೆಯಾ ನೋಡಿ, ಕಾರ್ಪೆಟ್ ಎತ್ತಿ ಮೂಸಿ ನೋಡಿ.

ಇನ್ನು ಇಂಜಿನ್. ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಮಾರೋರಿಗೆ ಮೊದಲೇ ಮೆಸೇಜ್ ಹಾಕಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಲೆಕ್ಕ. ಕೋಲ್ಡ್ ಸ್ಟಾರ್ಟ್‌ನಲ್ಲೇ ಗಡಗಡ ಸದ್ದು, ಹೊಗೆ ಎಲ್ಲ ಗೊತ್ತಾಗೋದು. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ, ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದ್ರೆ ಕೂಲೆಂಟ್ ಸಿಲಿಂಡರ್ ಒಳಗೆ ಹೋಗ್ತಿದೆ.

ಇಂಜಿನ್ ಒಳಗೆ ವಾಲ್ವು ಪಿಸ್ಟನ್ನು ತಾಳ ತಪ್ಪದ ಹಾಗೆ ಓಡಿಸೋ ಟೈಮಿಂಗ್ ಬೆಲ್ಟ್ ವಿಷಯ ನಮ್ಮವರು ಕೇಳೋದೇ ಇಲ್ಲ. ಹಳೇ ಹೋಂಡಾ ಪೈಲಟ್‌ನ ವಿ6 (ಆರು ಸಿಲಿಂಡರ್) ಇಂಜಿನ್‌ನಲ್ಲಿ ಬೆಲ್ಟ್ ಇರತ್ತೆ, ಲಕ್ಷ ಮೈಲಿ ಆಸುಪಾಸಿನಲ್ಲಿ ಬದಲಾಯಿಸಲೇಬೇಕು, ಕಿತ್ತೋದ್ರೆ ವಾಲ್ವು ಪಿಸ್ಟನ್ನು ಹೊಡ್ಕೊಂಡು ಇಂಜಿನ್ ಕಥೆ ಮುಗೀತು. ಬಿಲ್ ತೋರಿಸಿ ಅನ್ನಿ. ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತ್ಲೇ ತಿಳ್ಕೊಂಡು ಸಾವಿರ ಡಾಲರ್ ಕಮ್ಮಿ ಕೇಳಿ. 2008ರಿಂದ ಈಚಿನ ಹೈಲ್ಯಾಂಡರ್ ವಿ6ಗೆ ಬೆಲ್ಟ್ ಬದಲು ಚೈನ್, ಆ ತಲೆನೋವಿಲ್ಲ.

1996ರಿಂದ ಈಚೆ ಇಲ್ಲಿ ಮಾರಿರೋ ಎಲ್ಲಾ ಕಾರಲ್ಲೂ ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್, ಅಂದ್ರೆ ಗಾಡಿ ಕಂಪ್ಯೂಟರ್ ಜೊತೆ ಮಾತಾಡೋ ಪ್ಲಗ್, ಇರತ್ತೆ, ಇಪ್ಪತ್ತು ಮೂವತ್ತು ಡಾಲರ್‌ಗೆ ಸ್ಕ್ಯಾನರ್ ಸಿಗತ್ತೆ, ಒಬ್ಬರು ತಗೊಂಡು ನಾಲ್ಕು ಮನೆಯವರು ಹಂಚ್ಕೊಳ್ಳಿ. ತೊಂದರೆ ಹೇಳೋ ಕೋಡ್ ಒಂದೂ ಇಲ್ಲ ಅಂತ ಖುಷಿ ಪಡಬೇಡಿ, ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನೇ ಪರೀಕ್ಷೆ ಮಾಡ್ಕೊಂಡು ಮುಗಿಸಿದೆಯಾ ಅನ್ನೋ ಪಟ್ಟಿ) ನೋಡಿ, ಸುಮಾರು ಐಟಂ ನಾಟ್ ರೆಡಿ ಅಂತ ಬಂದ್ರೆ ನೀವು ಬರೋ ಮುಂಚೆ ಯಾರೋ ಕೋಡ್ ಅಳಿಸಿರೋ ಸಾಧ್ಯತೆ ಜಾಸ್ತಿ.

ಓಡಿಸುವಾಗ ಬರೀ ಸಬ್‌ಡಿವಿಷನ್ ಸುತ್ತಬೇಡಿ, ಹೈವೇಗೆ ಹೋಗಿ 70 ಮೈಲಿ ಸ್ಪೀಡಲ್ಲಿ ಓಡಿಸಿ, ಗೇರ್ ಬದಲಾಗೋವಾಗ ಜರ್ಕ್ ಇದೆಯಾ ನೋಡಿ. ಆಮೇಲೆ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎಂಟು ಹಾಕಿ, ಟಕಟಕ ಅಂದ್ರೆ ಆಕ್ಸಲ್ ಜಾಯಿಂಟ್, ಯಾರೋ ಹಿಂದಿಂದ ಹಿಡ್ಕೊಂಡ ಹಾಗಾದ್ರೆ ಆಲ್ ವೀಲ್ ಡ್ರೈವ್ ತೊಂದರೆ. ಟೈರ್ ನಾಲ್ಕೂ ಒಂದೇ ಥರ ಸವೆದಿರಬೇಕು. ಟೈರ್ ಮೇಲಿನ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು ಅಂತ.

ಇಷ್ಟೆಲ್ಲಾ ಪಾಸಾದ್ರೆ ನಿಮಗೆ ಗೊತ್ತಿರೋ ಮೆಕ್ಯಾನಿಕ್ ಹತ್ರ ಲಿಫ್ಟ್ ಮೇಲೆ ಹಾಕ್ಸಿ, ನೂರು ಇನ್ನೂರು ಡಾಲರ್ ಆಗತ್ತೆ. ಮಾರೋರು ಬೇಡ ಅಂದ್ರೆ ಅದೇ ಉತ್ತರ. ಮಿಷಿಗನ್‌ನಲ್ಲಿ ವರ್ಷ ವರ್ಷ ಸೇಫ್ಟಿ ಇನ್ಸ್‌ಪೆಕ್ಷನ್ ಅನ್ನೋದೇ ಇಲ್ಲ, ಊರಿನ ಎಫ್‌ಸಿ ಥರ ಯಾರೋ ನೋಡಿರ್ತಾರೆ ಅಂತ ಅಂದ್ಕೋಬೇಡಿ. ಕೆಟ್ಟ ಗಾಡಿ ವಾಪಸ್ ಕೊಡಕ್ಕೆ ಲೆಮನ್ ಲಾ ಇದೆಯಲ್ಲ ಅಂತ ಯಾರಾದ್ರೂ ಹೇಳ್ತಾರೆ, ಇಲ್ಲಿ ಅದು ಹೊಸ ಗಾಡಿಗೆ ಮಾಡಿರೋ ಕಾನೂನು. ಡೀಲರ್ ಹತ್ರ ಆದ್ರೆ ಕಿಟಕಿಗೆ ಬೈಯರ್ಸ್ ಗೈಡ್ ಅನ್ನೋ ವಾರಂಟಿ ಚೀಟಿ ಅಂಟಿಸಿರ್ತಾರೆ, ಅದರಲ್ಲಿ ಆ್ಯಸ್ ಈಸ್ (ಇದ್ದ ಹಾಗೇ, ವಾರಂಟಿ ಇಲ್ಲ) ಅಂತ ಟಿಕ್ ಆಗಿದ್ರೆ ಗೇಟ್ ದಾಟಿದ ಮೇಲೆ ರಿಪೇರಿ ಖರ್ಚು ನಿಮ್ಮದೇ.

ಪೇಪರ್ ಕೆಲಸ ಸುಲಭ. ಟೈಟಲ್, ಅಂದ್ರೆ ಗಾಡಿ ಯಾರದ್ದು ಅನ್ನೋ ಕಾಗದ, ಅದರ ಮೇಲೆ ಸಾಲ್ವೇಜ್ (ದೊಡ್ಡ ಪೆಟ್ಟು ತಿಂದಿದ್ದು), ರೀಬಿಲ್ಟ್ (ಅಂಥದ್ದನ್ನ ರಿಪೇರಿ ಮಾಡಿದ್ದು) ಅಂತ ಇಲ್ವಾ, ಬ್ಯಾಂಕ್ ಸಾಲ ಬಾಕಿ ಇದೆಯಾ ನೋಡಿ, ಗಾಡಿನ ಗುರುತಿಸೋ 17 ಅಂಕಿ-ಅಕ್ಷರದ ವಿನ್ ನಂಬರ್ ಗಾಡಿ ಮೇಲೂ ಟೈಟಲ್ ಮೇಲೂ ಒಂದೇ ಇರಬೇಕು, ಅದನ್ನೇ ರಸ್ತೆ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ಹಾಕಿದ್ರೆ ಬಾಕಿ ಇರೋ ರೀಕಾಲ್ (ಕಂಪನಿಯೇ ದೋಷ ಸರಿಪಡಿಸಕ್ಕೆ ಗಾಡಿ ಕರೆಸ್ಕೊಳ್ಳೋದು) ಫ್ರೀಯಾಗಿ ಗೊತ್ತಾಗತ್ತೆ. ಆಗೋದಾದ್ರೆ ಮಾರೋರ ಜೊತೆಗೇ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿಗೆ (ಇಲ್ಲಿನ ಆರ್‌ಟಿಓ ಇದ್ದ ಹಾಗೆ) ಹೋಗಿ ವರ್ಗ ಮಾಡ್ಸಿ, 6 ಪರ್ಸೆಂಟ್ ಟ್ಯಾಕ್ಸ್ ಬೇರೆ ಎತ್ತಿಡಿ. ನಂಬರ್ ಪ್ಲೇಟ್ ಇಲ್ಲಿ ಗಾಡಿದಲ್ಲ, ಓನರ್‌ದು, ಅವರು ಬಿಚ್ಕೊಂಡು ಹೋಗ್ತಾರೆ, ಗಾಬರಿ ಆಗಬೇಡಿ. ಸ್ಕ್ರೂಡ್ರೈವರ್ ಕೇಳಿದ್ರೆ ಹೇಗೂ ನಿಮ್ಮ ಹತ್ರ ಇರತ್ತೆ.